ಲ್ಯಾಪ್‌ಟಾಪಿನ ಮುಪ್ಪು ಮತ್ತು ಗ್ರಾಹಕನ ಹಕ್ಕು

ಯಂತ್ರಕ್ಕೂ ಮುಪ್ಪುಂಟು. ಲ್ಯಾಪ್‌ಟಾಪಿನಲ್ಲಿ ಅದು ಮೊದಲು ಬ್ಯಾಟರಿಯಲ್ಲಿ ತೋರುತ್ತದೆ. 1991ರಲ್ಲಿ ಮಾರುಕಟ್ಟೆಗೆ ಬಂದ ಲಿಥಿಯಂ-ಅಯಾನ್ ಬ್ಯಾಟರಿಯೊಳಗೆ ಲಿಥಿಯಂ ಅಯಾನುಗಳು ಎರಡು ವಿದ್ಯುದ್ವಾರಗಳ ನಡುವೆ ಸಂಚರಿಸುತ್ತವೆ. ಪ್ರತಿ ಸಂಚಾರದಲ್ಲಿಯೂ ಅತ್ಯಲ್ಪ ಭಾಗವು ವಿದ್ಯುದ್ವಾರದ ಮೇಲಿನ ಪದರದಲ್ಲಿ ಸಿಲುಕಿ ಹಿಂದಿರುಗದು. ಆದುದರಿಂದ ಸಾಮಾನ್ಯವಾಗಿ 300ರಿಂದ 500 ಪೂರ್ಣ ಚಾರ್ಜುಗಳ ತರುವಾಯ ಅದರ ಸಾಮರ್ಥ್ಯ ಶೇಕಡಾ 80ರ ಆಸುಪಾಸಿಗೆ ಇಳಿಯುತ್ತದೆ.

ಶಾಖವು ಈ ಮುಪ್ಪನ್ನು ತ್ವರಿತಗೊಳಿಸುತ್ತದೆ. ಚನ್ನಗಿರಿ ಸೀಮೆಯ ಬೇಸಿಗೆ ರಜೆಯಲ್ಲಿ, ಮುಚ್ಚಿದ ಕೊಠಡಿಯೊಳಗೆ ಪೂರ್ಣ ಚಾರ್ಜು ಮಾಡಿ ಇಡುವುದಕ್ಕಿಂತ, ಅರ್ಧ ಚಾರ್ಜಿನಲ್ಲಿ ತಂಪಾದ ಕಡೆ ಇಡುವುದು ಲೇಸು. ಬ್ಯಾಟರಿ ಉಬ್ಬಿದರೆ ಬಳಕೆಯನ್ನು ಕೂಡಲೇ ನಿಲ್ಲಿಸತಕ್ಕದ್ದು. ಅದನ್ನು ಒತ್ತುವುದೂ ಚುಚ್ಚುವುದೂ ಅಪಾಯಕರ.

ಆದರೆ ಎಲ್ಲ ಕೇಡೂ ಮುಪ್ಪಲ್ಲ. ಕೆಲವು ತಯಾರಿಕೆಯ ದೋಷಗಳು. ಯಂತ್ರಕ್ಕೆ ಮೂರು ವರ್ಷದ ವಾರಂಟಿ ಇದ್ದರೂ ಬ್ಯಾಟರಿಗೆ ಒಂದೇ ವರ್ಷವಿರುವುದುಂಟು; ಕೊಳ್ಳುವ ಮುನ್ನವೇ ಓದಿಕೊಳ್ಳಬೇಕು. ವಾರಂಟಿಯೊಳಗೆ ಕೆಟ್ಟ ಯಂತ್ರವನ್ನು ಸೇವಾಕೇಂದ್ರವು ಸರಿಪಡಿಸದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ತಿಳಿಸಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ದೂರುದಾರನು ತಾನು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು. ಚನ್ನಗಿರಿಯವರು ಬೆಂಗಳೂರಿಗೆ ಅಲೆಯಬೇಕಿಲ್ಲ. ದಾವಣಗೆರೆಯ ಜಿಲ್ಲಾ ಆಯೋಗವೇ ಸಾಕು. ಕಾಲಮಿತಿ ಎರಡು ವರ್ಷ. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ.

ದಾನಿಗಳು ಗಮನಿಸಬೇಕಾದ ಮಾತೊಂದುಂಟು. ಕೊಂಡವನ ಒಪ್ಪಿಗೆಯಿಂದ ಬಳಸುವವನೂ ಈ ಕಾಯ್ದೆಯ ದೃಷ್ಟಿಯಲ್ಲಿ ಗ್ರಾಹಕನೇ. ಆದರೆ ರಸೀದಿಯಿಲ್ಲದೆ ಆ ಹಕ್ಕನ್ನು ಸಾಧಿಸುವುದು ಕಷ್ಟ. ಆದಕಾರಣ ವಿದ್ಯಾರ್ಥಿಗೆ ಯಂತ್ರವನ್ನಿತ್ತಾಗ ರಸೀದಿಯನ್ನೂ ವಾರಂಟಿ ಪತ್ರವನ್ನೂ ಜೊತೆಗೆ ಕೊಡುವುದು ದಾನದ ಪೂರ್ಣತೆಯೆನಿಸುವುದು.