ಔಷಧಿಯ ಸಸ್ಯಗಳನ್ನು ಒಣಗಿಸುವ ಕ್ರಮ

ಬಾದಾಮಿಯ ಸಮೀಪದ ಬನಶಂಕರಿಯಲ್ಲಿ ಪುಷ್ಯಮಾಸದ ಹುಣ್ಣಿಮೆಗೆ ಜಾತ್ರೆಯು ನೆರೆಯುವುದು. ದೇವಿಗೆ ಶಾಕಂಭರಿ ಎಂಬ ಹೆಸರೂ ಉಂಟು. ಪಲ್ಲೇದ ಹಬ್ಬದಲ್ಲಿ 108 ಬಗೆಯ ಕಾಯಿಪಲ್ಲೆಗಳನ್ನು ನೈವೇದ್ಯ ಮಾಡುವರು. ಕಾಯಿಪಲ್ಲೆಗೆ ಹಸಿಯಾಗಿದ್ದಾಗ ಬೆಲೆ. ಮದ್ದಿನ ಸೊಪ್ಪು ಬೇರುಗಳಿಗಾದರೋ ಸರಿಯಾಗಿ ಒಣಗಿದ ಮೇಲೆಯೇ ಬೆಲೆ. ಒಣಗಿಸುವುದರಲ್ಲಿ ತಪ್ಪಿದರೆ ಬೆಳೆದವನಿಗೆ ನಷ್ಟ, ಸೇವಿಸುವವನಿಗೆ ಕೇಡು.

ಕೊಯ್ದ ಗಿಡವು ಒಡನೆ ಸಾಯುವುದಿಲ್ಲ. ಅದರಲ್ಲಿ ನೀರಿರುವವರೆಗೂ ಕಿಣ್ವಗಳು ಕೆಲಸಮಾಡುತ್ತಲೇ ಇದ್ದು, ಒಂದು ವಸ್ತುವನ್ನು ಮತ್ತೊಂದಾಗಿ ಮಾರ್ಪಡಿಸುವುವು. ಆದುದರಿಂದ ಎಲ್ಲ ಸಸ್ಯಗಳಿಗೂ ಒಂದೇ ಕ್ರಮವು ಸಲ್ಲದು.

1. ತುಳಸಿ.— ಇದರ ಸುವಾಸನೆಯು ಯೂಜಿನಾಲ್ ಮೊದಲಾದ, ಗಾಳಿಗೆ ಹಾರಿಹೋಗುವ ತೈಲಗಳಿಂದ ಬಂದುದು. ಇವು ಎಲೆಯ ಮೇಲಣ ಸಣ್ಣ ಗ್ರಂಥಿಗಳಲ್ಲಿರುವುವು. ಈ ಸೀಮೆಯಲ್ಲಿ ಹಾಸುಬಂಡೆಗಳಿಗೆ ಕೊರತೆಯಿಲ್ಲ. ಆದರೆ ಬೇಸಿಗೆಯ ಬಿಸಿಲಿನಲ್ಲಿ ಬಂಡೆಯು ಗಾಳಿಗಿಂತ ಬಹಳ ಹೆಚ್ಚಾಗಿ ಕಾಯುವುದು. ಅದರ ಮೇಲೆ ಹರಡಿದರೆ ತೈಲವು ಹಾರಿ ಬರಿಯ ಸೊಪ್ಪು ಉಳಿಯುವುದು. ಗಾಳಿಯಾಡುವ ನೆರಳಿನಲ್ಲಿ, ತಟ್ಟಿಯ ಮೇಲೆ ತೆಳುವಾಗಿ ಹರಡತಕ್ಕದ್ದು.

2. ಸೋನಾಮುಖಿ.— ಇದರಲ್ಲಿ ಒಣಗಿಸುವಿಕೆಯೇ ಮದ್ದನ್ನು ಉಂಟುಮಾಡುವುದು. ಭೇದಿಗೆ ಕಾರಣವಾದ ಸೆನ್ನೊಸೈಡುಗಳ ಪೂರ್ವರೂಪಗಳು ಹಸಿಯ ಎಲೆಯಲ್ಲಿರುವುವು. 20ರಿಂದ 50 ಡಿಗ್ರಿ ಸೆಂಟಿಗ್ರೇಡಿನ ಒಳಗೆ ಒಣಗುವಾಗ ಅವು ಎರಡೆರಡಾಗಿ ಕೂಡಿ ಸೆನ್ನೊಸೈಡುಗಳಾಗುವುವು. ಆರಂಭದಲ್ಲೇ ಹೆಚ್ಚು ಕಾವು ತಗಲಿದರೆ ಕಿಣ್ವವು ಕೆಟ್ಟು ಮಾರ್ಪಾಡು ಪೂರ್ತಿಯಾಗದು. ಒಂದೇ ಹೊಲದ ಎಲೆಯಾದರೂ ಎರಡು ರೀತಿಯಲ್ಲಿ ಒಣಗಿಸಿದರೆ, ಒಂದೇ ಚಮಚದ ಪುಡಿಯಿಂದ ಇಳಿಸಿದ ಕಷಾಯವು ಒಬ್ಬನಿಗೆ ಸಾಲದೆಯೂ ಮತ್ತೊಬ್ಬನಿಗೆ ಅತಿಯಾಗಿಯೂ ಪರಿಣಮಿಸಬಹುದು.

3. ಅಶ್ವಗಂಧ.— ಇದರ ಸತ್ತ್ವವಾದ ವಿಥನೊಲೈಡುಗಳು ತುಳಸಿಯ ತೈಲದಂತೆ ಸುಲಭವಾಗಿ ಹಾರುವುವಲ್ಲ. ಇಲ್ಲಿ ಭಯವು ಒಳಗುಳಿದ ತೇವದಿಂದ. ದಪ್ಪ ಬೇರು ಹೊರಗೆ ಒಣಗಿ ಒಳಗೆ ಹಸಿಯಾಗಿಯೇ ಇರಬಹುದು; ಹಾಗೆಯೇ ಚೀಲ ಕಟ್ಟಿದರೆ ಬೂಷ್ಟು ಹಿಡಿಯುವುದು. ಕೆಲವು ಬೂಷ್ಟುಗಳ ವಿಷವು ಕುದಿಸಿದರೂ ಹೋಗದು. ಆದುದರಿಂದ ಬೇರನ್ನು ತೊಳೆದು, ತುಂಡುಮಾಡಿ, ಮುರಿದರೆ ಪಟ್ಟೆಂದು ಸದ್ದಾಗುವವರೆಗೆ ಒಣಗಿಸತಕ್ಕದ್ದು.

ತೂಕದ ಲೆಕ್ಕ.— 100 ಕಿಲೋ ಹಸಿಯ ಸೊಪ್ಪಿನಲ್ಲಿ 80 ಕಿಲೋ ನೀರಿದ್ದರೆ, ನೂರಕ್ಕೆ 10ರಷ್ಟು ತೇವ ಉಳಿಯುವಂತೆ ಒಣಗಿಸಿದಾಗ ಸುಮಾರು 22 ಕಿಲೋ ದೊರೆಯುವುದು. ನೂರಕ್ಕೆ 20ರಷ್ಟು ತೇವ ಉಳಿದರೆ 25 ಕಿಲೋ ತೂಗುವುದು. ಈ ಮೂರು ಕಿಲೋ ಲಾಭವೆಂದು ಎಣಿಸಕೂಡದು. ಅದು ಬರಿಯ ನೀರು, ಬೂಷ್ಟಿಗೆ ಕೊಟ್ಟ ಆಹ್ವಾನ.

ಪರೀಕ್ಷೆ.— ಒಂದೇ ದಿನ ಕೊಯ್ದ ಸೊಪ್ಪನ್ನು ಎರಡು ಪಾಲುಮಾಡಿ, ಒಂದನ್ನು ನೆರಳಿನಲ್ಲಿಯೂ ಮತ್ತೊಂದನ್ನು ಬಿಸಿಲಿನಲ್ಲಿಯೂ ಒಣಗಿಸಿ, ದಿನವೂ ತೂಗಿ ಬರೆದಿಡಬೇಕು. ಬಣ್ಣ, ವಾಸನೆಗಳ ಭೇದವು ಸ್ವಲ್ಪಮಟ್ಟಿಗೆ ತಾನಾಗಿ ತಿಳಿದುಬರುವುದು. ಸತ್ತ್ವದ ಪ್ರಮಾಣವನ್ನು ಮಾತ್ರ ರಾಸಾಯನಿಕ ಪರೀಕ್ಷೆಯೇ ಹೇಳಬೇಕು. ಒಣಗಿದ ಸರಕನ್ನು ಬೆಳಕು, ತೇವಗಳು ತಗಲದಂತೆ ಮುಚ್ಚಿ, ಕೊಯ್ದ ದಿನವನ್ನೂ ಒಣಗಿಸಿದ ರೀತಿಯನ್ನೂ ಚೀಟಿಯಲ್ಲಿ ಬರೆದು ಅಂಟಿಸತಕ್ಕದ್ದು.