ತೋಟವೆಂಬ ಕೂಡುಬಾಳು
(ಬೆಳೆಗಾರರಿಗೆ ಪರಿಸರದ ಮೊದಲ ಪಾಠ)



'ಪರಿಸರ' ಎಂದ ಕೂಡಲೇ ಅದು ನಾಗರಹೊಳೆಯ ಹುಲಿ, ಆನೆಗಳಿಗೆ ಸಂಬಂಧಿಸಿದ ವಿಷಯ, ನಮಗೇಕೆ ಎಂದು ಪುಟ ಮಗುಚುವವರುಂಟು. ಅಂಥವರು ದಯಮಾಡಿ ಈ ಪಾಠವನ್ನು ಪೂರ್ತಿ ಓದಬೇಕೆಂದು ಕೋರುತ್ತೇನೆ. ಏಕೆಂದರೆ ನಾವು ಪ್ರತಿ ವರ್ಷ ಗೊಬ್ಬರಕ್ಕೆ, ಔಷಧಿಗೆ, ಕೊಳವೆಬಾವಿಗೆ ಸುರಿಯುವ ಹಣದ ಒಂದು ಪಾಲು ಈ ವಿಷಯ ತಿಳಿಯದಿರುವುದರಿಂದಲೇ ಖರ್ಚಾಗುತ್ತಿದೆ.

ಜೀವಿಗಳಿಗೂ ಅವುಗಳ ಸುತ್ತಲಿನ ಮಣ್ಣು, ನೀರು, ಗಾಳಿ, ಬಿಸಿಲಿಗೂ ಸಂಬಂಧವಿದೆ. ಹಾಗೆಯೇ ಒಂದು ಜೀವಿಗೂ ಇನ್ನೊಂದು ಜೀವಿಗೂ ಸಂಬಂಧವಿದೆ. ಈ ಕೊಡುಕೊಳೆಯನ್ನು ಅಭ್ಯಾಸ ಮಾಡುವುದೇ ಪರಿಸರ ವಿಜ್ಞಾನ. ಇದನ್ನು ಕಲಿಯಲು ಕಾಡಿಗೆ ಹೋಗಬೇಕಾಗಿಲ್ಲ. ನಮ್ಮ ನಮ್ಮ ತೋಟದ ಬೇಲಿಯೊಳಗೆ ನಿಂತರೆ ಸಾಕು.

ಬೆಳೆಗಳ ತವರುಮನೆ

ಅರೇಬಿಕಾ ಕಾಫಿಯ ತವರು ಇಥಿಯೋಪಿಯಾದ ಎತ್ತರದ ಕಾಡುಗಳು. ರೊಬಸ್ಟಾದ ತವರು ಆಫ್ರಿಕದ ತಗ್ಗು ಪ್ರದೇಶದ ಮಳೆಕಾಡುಗಳು. ಎರಡೂ ದೊಡ್ಡ ಮರಗಳ ಕೆಳಗೆ, ಸೋಸಿ ಬಂದ ಬಿಸಿಲಿನಲ್ಲಿ, ತರಗೆಲೆಯ ಹಾಸಿನ ಮೇಲೆ ಬೆಳೆದ ಗಿಡಗಳು. ಅಡಿಕೆಯೂ ಆಗ್ನೇಯ ಏಷ್ಯದ ತೇವದ ನಾಡಿನಿಂದ ಬಂದ ಮರ. ಮೂರೂ ನಮ್ಮಲ್ಲಿಗೆ ಬಂದ ನೆಂಟರು.

ಮಡಿಕೇರಿಯ ಕಡೆ ವರ್ಷಕ್ಕೆ 3,000 ಮಿ.ಮೀ. ಮೀರಿ ಮಳೆ ಬೀಳುತ್ತದೆ. ಅಲ್ಲಿ ಈ ನೆಂಟರಿಗೆ ತವರಿನ ವಾತಾವರಣ ತಾನಾಗಿಯೇ ದೊರಕುತ್ತದೆ. ನಮ್ಮ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳಾದರೋ ಮಲೆನಾಡಿಗೂ ಬಯಲುಸೀಮೆಗೂ ನಡುವಣ ನಾಡು. ಇಲ್ಲಿನ ಬಹುಭಾಗದಲ್ಲಿ ಬೀಳುವ ಮಳೆ 700ರಿಂದ 900 ಮಿ.ಮೀ. ಆಸುಪಾಸು. ಈಚಿನ ವರ್ಷಗಳಲ್ಲಿ ಹೊಗೆಸೊಪ್ಪು, ಶುಂಠಿ, ಭತ್ತ ಬೆಳೆಯುತ್ತಿದ್ದ ನೆಲದಲ್ಲಿ ಅಡಿಕೆ ಸಸಿಗಳು ಎದ್ದಿವೆ, ಅವುಗಳ ನಡುವೆ ಕಾಫಿಯೂ ಬಂದಿದೆ. ಹೀಗಿರುವಾಗ ತವರಿನ ಕಾಡು ಪುಕ್ಕಟೆಯಾಗಿ ಮಾಡುತ್ತಿದ್ದ ಕೆಲಸಗಳನ್ನು ಇಲ್ಲಿ ಯಾರು ಮಾಡಬೇಕು? ಒಂದೋ ಆ ಕೆಲಸ ಮಾಡುವ ಜೀವಿಗಳನ್ನು ನಾವು ಉಳಿಸಿಕೊಳ್ಳಬೇಕು, ಇಲ್ಲವೇ ಕೈಯಿಂದ ದುಡ್ಡು ಕೊಟ್ಟು ಮಾಡಿಸಬೇಕು. ಈ ಪಾಠದ ಸಾರ ಇಷ್ಟೇ.

ಕೈಕಟ್ಟುವ ಅಂಶ ಯಾವುದು?

ಒಂದು ಬೆಳೆಗೆ ಬೇಕಾದ ಹತ್ತು ಅನುಕೂಲಗಳಲ್ಲಿ ಒಂಬತ್ತು ಇದ್ದು ಒಂದು ಕಡಮೆಯಾದರೆ, ಇಳುವರಿಯನ್ನು ನಿರ್ಧರಿಸುವುದು ಆ ಕಡಮೆಯಾದ ಒಂದೇ. ಇದನ್ನು ಮಿತಿ ಹಾಕುವ ಅಂಶ ಎನ್ನುತ್ತಾರೆ. ಸೋರುವ ಕೊಳಗಕ್ಕೆ ತೂತು ಇರುವ ಮಟ್ಟದವರೆಗೆ ಮಾತ್ರ ನೀರು ನಿಲ್ಲುವಂತೆ ಇದು.

ಹುಣಸೂರು, ಪಿರಿಯಾಪಟ್ಟಣದ ಕೆಂಪು ಮರಳುಮಿಶ್ರಿತ ಭೂಮಿಯಲ್ಲಿ ಅಡಿಕೆಗೆ ಮಿತಿ ಹಾಕುವುದು ಬೇಸಿಗೆಯ ತೇವ ಮತ್ತು ಮಣ್ಣಿನ ಸಾವಯವ ಅಂಶ. ಕೆ.ಆರ್. ನಗರದ ನಾಲೆ ಬಯಲಿನ ಗದ್ದೆಗಳಲ್ಲಿ ನೀರಿಗೆ ಬರವಿಲ್ಲ, ಆದರೆ ನೀರು ನಿಂತ ಮಣ್ಣಿನಲ್ಲಿ ಬೇರಿಗೆ ಗಾಳಿ ಸಿಗುವುದಿಲ್ಲ. ಅಡಿಕೆಗೆ ತಾಯಿಬೇರಿಲ್ಲ. ಅದರ ನಾರುಬೇರುಗಳು ಬುಡದ ಸುತ್ತ ಮೇಲುಮಣ್ಣಿನಲ್ಲಿಯೇ ಹೆಚ್ಚಾಗಿ ಹರಡುತ್ತವೆ. ಆದುದರಿಂದ ಒಂದೆಡೆ ಬುಡಕ್ಕೆ ಹೊದಿಕೆ ಮುಖ್ಯ, ಇನ್ನೊಂದೆಡೆ ಬಸಿಗಾಲುವೆ ಮುಖ್ಯ. ಪಕ್ಕದ ತಾಲ್ಲೂಕಿನವರು ಮಾಡಿದ್ದನ್ನು ಕಣ್ಣುಮುಚ್ಚಿ ಮಾಡಿದರೆ ಗೊಬ್ಬರ ಎಷ್ಟು ಹಾಕಿದರೂ ಫಲವಿಲ್ಲ.

ನಾನು ದುಡ್ಡು ಕೊಟ್ಟು ಕಲಿತದ್ದು

ಇಲ್ಲಿ ನನ್ನ ಅನುಭವವನ್ನೇ ಹೇಳಿಬಿಡುತ್ತೇನೆ. ನಮ್ಮ ತೋಟದ ನೈಋತ್ಯ ಬದುವಿನಲ್ಲಿ ಒಂದು ಬಸರಿ, ಎರಡು ಹೊಂಗೆ ಮರಗಳಿದ್ದವು. ಒಳಗೆ ಅಡಿಕೆ, ಅದರ ನಡುವೆ ಅರೇಬಿಕಾ. ಬದುವಿನ ಮರಗಳು ಬಿಸಿಲು ತಿನ್ನುತ್ತವೆ, ಗೊಬ್ಬರ ಎಳೆಯುತ್ತವೆ ಎಂದು ಮೂರನ್ನೂ ಕಡಿಸಿ ಹೊಗೆಸೊಪ್ಪಿನ ಬ್ಯಾರನ್‌ಗೆ ಸೌದೆಯಾಗಿ ಕೊಟ್ಟೆ. ಆ ವರ್ಷ ಕೈಗೆ ನಾಲ್ಕು ಕಾಸು ಬಂತು.

ಸೂರ್ಯ ದಕ್ಷಿಣಕ್ಕೆ ವಾಲಿರುವ ತಿಂಗಳುಗಳಲ್ಲಿ ಮಧ್ಯಾಹ್ನದ ಮೇಲಿನ ಬಿಸಿಲು ನೈಋತ್ಯದಿಂದ ನೇರವಾಗಿ ಅಡಿಕೆಯ ಕಾಂಡಕ್ಕೆ ಬಡಿಯುತ್ತದೆ. ನಮ್ಮ ಅಂಚಿನ ಸಾಲಿನ ಮರಗಳ ಕಾಂಡ ಹಳದಿಯಾಗಿ, ಕಂದಾಗಿ, ಕೊನೆಗೆ ಬಿರಿಯಿತು. ಬಿರಿದ ಮರಗಳು ಗಾಳಿಗೆ ಮುರಿದವು. ಎರಡು ವರ್ಷ ಕಳೆಯುವಷ್ಟರಲ್ಲಿ ಆ ಮಗ್ಗುಲಿನ ಕಾಫಿ ಗಿಡಗಳು ಹಳದಿಯಾಗಿ ಬಾಡತೊಡಗಿದವು. ಕಾಂಡ ಸೀಳಿ ನೋಡಿದರೆ ಬಿಳಿ ಕಾಂಡಕೊರಕ! ಈ ಕೀಟದ ದುಂಬಿ ಬಿಸಿಲನ್ನು ಬಯಸುವ ಜೀವಿ. ತೆರೆದು ಬಿಸಿಲು ಬಿದ್ದ ಅರೇಬಿಕಾ ಕಾಂಡದ ತೊಗಟೆಯ ಬಿರುಕಿನಲ್ಲಿ ಮೊಟ್ಟೆ ಇಡುತ್ತದೆ. ಮರಿ ಒಳಗೆ ಕೊರೆಯುತ್ತದೆ. ಹದವಾದ ನೆರಳಿರುವೆಡೆ ಇದರ ಹಾವಳಿ ಕಡಮೆ.

ಸೌದೆಯಿಂದ ಬಂದದ್ದಕ್ಕಿಂತ ಗಿಡ ಕಿತ್ತು ಸುಟ್ಟು ಮತ್ತೆ ನೆಟ್ಟದ್ದಕ್ಕೆ ಆದ ಖರ್ಚೇ ಹೆಚ್ಚು. ಆ ಮೂರು ಮರಗಳು ಸಂಬಳವಿಲ್ಲದೆ ಕಾವಲು ಕಾಯುತ್ತಿದ್ದುವೆಂಬುದು ಅವು ಹೋದ ಮೇಲೆ ತಿಳಿಯಿತು.

ಹಾಗೆಂದು ನೆರಳು ಹೆಚ್ಚಿದಷ್ಟೂ ಒಳ್ಳೆಯದೆಂದು ತಿಳಿಯಬಾರದು. ಅತಿ ನೆರಳಿನಲ್ಲಿ ಕಾಫಿ ಹೂ ಕಟ್ಟುವುದಿಲ್ಲ, ತೇವ ಆರದೆ ಕೊಳೆರೋಗಗಳು ಬರುತ್ತವೆ. ಬೆಳೆದ ಅಡಿಕೆ ತೋಟದಲ್ಲಿ ಮೇಲಿನ ಸೋಗೆಗಳನ್ನು ದಾಟಿ ಕೆಳಗಿಳಿಯುವ ಬೆಳಕು ಸುಮಾರು ಮೂರರಲ್ಲೊಂದು ಪಾಲಿನಿಂದ ಅರ್ಧದವರೆಗೆ ಮಾತ್ರ. ಒಳಗೆ ಕಾಫಿಗೆ ಇಷ್ಟು ಸಾಲುತ್ತದೆ. ಆದುದರಿಂದ ಅಲ್ಲಿ ಮತ್ತೆ ನೆರಳಿನ ಮರ ತುಂಬಬೇಕಾಗಿಲ್ಲ. ಮರ ಬೇಕಾಗಿರುವುದು ದಕ್ಷಿಣ, ಪಶ್ಚಿಮದ ಅಂಚಿನಲ್ಲಿ.

ನೆಲದೊಳಗಿನ ಆಳುಗಳು

ಹಸಿರು ಗಿಡ ಬಿಸಿಲಿನಿಂದ ಆಹಾರ ತಯಾರಿಸುತ್ತದೆ; ಆದುದರಿಂದ ಅದು ಉತ್ಪಾದಕ. ಅದನ್ನು ತಿನ್ನುವವು, ತಿನ್ನುವವುಗಳನ್ನು ತಿನ್ನುವವು ಭಕ್ಷಕಗಳು. ಸತ್ತದ್ದನ್ನೆಲ್ಲ ಕೊಳೆಸಿ ಮರಳಿ ಗಿಡಕ್ಕೆ ಒಪ್ಪಿಸುವವು ಎರೆಹುಳು, ಗೆದ್ದಲು, ಬೂಷ್ಟು ಮತ್ತು ಕಣ್ಣಿಗೆ ಕಾಣದ ಸೂಕ್ಷ್ಮಾಣುಗಳು. ಈ ಮೂರನೆಯವರು ಕೆಲಸ ನಿಲ್ಲಿಸಿದರೆ ಸರಪಳಿ ಅಲ್ಲಿಗೇ ಕಡಿಯುತ್ತದೆ.

ಬಿದ್ದ ಸೋಗೆ, ಹಾಳೆ, ತರಗನ್ನು ಗುಡಿಸಿ ಬೆಂಕಿ ಇಡುವವನು ಈ ಆಳುಗಳ ಊಟವನ್ನೇ ಸುಡುತ್ತಾನೆ. ಸೋಗೆಯನ್ನು ಕಡಿದು ಬುಡಕ್ಕೆ ಹೊದಿಸಿದರೆ ತೇವವೂ ಉಳಿಯುತ್ತದೆ, ಗೊಬ್ಬರವೂ ಆಗುತ್ತದೆ. ಅಡಿಕೆ, ಕಾಫಿ ಎರಡರ ಬೇರಿನಲ್ಲಿಯೂ ಒಂದು ಬಗೆಯ ಬೂಷ್ಟು ವಾಸವಾಗಿರುತ್ತದೆ. ಅದು ಬೇರು ಮುಟ್ಟಲಾರದ ಕಡೆಯಿಂದ ರಂಜಕವನ್ನು ತಂದುಕೊಟ್ಟು, ಪ್ರತಿಯಾಗಿ ಬೇರಿನಿಂದ ಸಕ್ಕರೆ ಪಡೆಯುತ್ತದೆ. ಇಬ್ಬರಿಗೂ ಲಾಭವಿರುವ ಇಂಥ ಬಾಳುವೆಗೆ ಸಹಜೀವನವೆಂದು ಹೆಸರು. ಹಾಲುವಾಣ, ಗೊಬ್ಬರದ ಗಿಡಗಳ ಬೇರುಗಂಟಿನಲ್ಲಿದ್ದು ಗಾಳಿಯ ಸಾರಜನಕವನ್ನು ಹಿಡಿದುಕೊಡುವ ಸೂಕ್ಷ್ಮಾಣುಗಳದ್ದೂ ಇದೇ ವ್ಯವಹಾರ.

ನೆಲದೊಳಗೆ ಶತ್ರುಗಳೂ ಇದ್ದಾರೆ. ಹೊಗೆಸೊಪ್ಪು ಬೆಳೆದ ಹಗುರ ಮಣ್ಣಿನಲ್ಲಿ ಬೇರುಗಂಟು ಜಂತುಗಳು ಉಳಿದಿರುವುದುಂಟು. ಬಾಳೆ, ಶುಂಠಿ, ಮೆಣಸಿನ ಬಳ್ಳಿಗಳಿಗೂ ಇವು ಅಂಟುತ್ತವೆ. ಬೆಳೆ ಬದಲಾದರೂ ಶತ್ರುವಿಗೆ ಊಟ ತಪ್ಪಿಲ್ಲವೆಂದಾಯಿತು. ಆದುದರಿಂದ ಹೊಸ ತೋಟದಲ್ಲಿ ಮೊದಲೇ ಬೇರು ಕಿತ್ತು ನೋಡಿ, ಚೆಂಡುಹೂವಿನಂಥ ಜಂತುವಿರೋಧಿ ಗಿಡ ಬೆಳೆಸಿ, ಕೊಟ್ಟಿಗೆ ಗೊಬ್ಬರ ಧಾರಾಳವಾಗಿ ಕೊಟ್ಟು ಮುಂದುವರಿಯುವುದು ಒಳ್ಳೆಯದು.

ಇರುವೆ, ತಿಗಣೆ, ಗುಲಗಂಜಿ ಹುಳು

ಕಾಫಿ ಗಿಡದಲ್ಲಿ ಹಿಟ್ಟು ತಿಗಣೆ ಕಂಡಲ್ಲಿ ಇರುವೆಯೂ ಇರುತ್ತದೆ. ತಿಗಣೆ ರಸ ಹೀರಿ ಸಿಹಿ ಅಂಟನ್ನು ಹೊರಹಾಕುತ್ತದೆ, ಇರುವೆ ಅದನ್ನು ನೆಕ್ಕುತ್ತದೆ. ನಾವು ಹಸು ಸಾಕಿದಂತೆ ಇರುವೆ ತಿಗಣೆಯನ್ನು ಸಾಕುತ್ತದೆ. ತಿಗಣೆಯನ್ನು ತಿನ್ನಲು ಬರುವ ಗುಲಗಂಜಿ ಹುಳುವನ್ನು ಅಟ್ಟುತ್ತದೆ.

ಇಲ್ಲಿ ಸಿಕ್ಕಾಪಟ್ಟೆ ವಿಷ ಹೊಡೆದರೆ ಏನಾಗುತ್ತದೆ? ಗುಲಗಂಜಿ ಹುಳು ಮೊದಲು ಸಾಯುತ್ತದೆ. ಮೇಣದ ಹೊದಿಕೆಯೊಳಗೆ ಅಡಗಿದ ತಿಗಣೆ ಸ್ವಲ್ಪ ಉಳಿದುಕೊಳ್ಳುತ್ತದೆ. ಕಾವಲುಗಾರರಿಲ್ಲದ ಗಿಡದಲ್ಲಿ ಅದು ಮೊದಲಿಗಿಂತ ಹೆಚ್ಚಾಗಿ ಬೆಳೆಯುತ್ತದೆ. ಮತ್ತೆ ವಿಷ, ಮತ್ತೆ ಖರ್ಚು. ಇದಕ್ಕೆ ಬದಲಾಗಿ ಇರುವೆಯ ಗೂಡನ್ನು ಹುಡುಕಿ ನಿವಾರಿಸಿ, ಹೆಚ್ಚು ಹತ್ತಿದ ಗಿಡಗಳಿಗಷ್ಟೇ ಔಷಧಿ ಕೊಟ್ಟರೆ ಗುಲಗಂಜಿ ಹುಳು ತನ್ನ ಕೆಲಸ ತಾನು ಮಾಡುತ್ತದೆ. ಕಾಫಿಯ ತಿಗಣೆ ಜಾತಿಯ ಕೀಟಗಳ ಹತೋಟಿಗೆಂದು ಆಸ್ಟ್ರೇಲಿಯದ ಒಂದು ಗುಲಗಂಜಿ ಹುಳುವನ್ನು 1898ರಷ್ಟು ಹಿಂದೆಯೇ ದಕ್ಷಿಣ ಭಾರತಕ್ಕೆ ತರಿಸಲಾಗಿತ್ತು. ಅದರ ಸಂತತಿ ಇಂದಿಗೂ ನಮ್ಮ ತೋಟಗಳಲ್ಲಿ ಹಿಟ್ಟು ತಿಗಣೆಯನ್ನು ತಿನ್ನುತ್ತಿದೆ.

ಕಾಯಿಕೊರಕದ್ದು ಇನ್ನೊಂದು ಪಾಠ. ಈ ಕೀಟ ಭಾರತದಲ್ಲಿ ಮೊದಲು ಕಂಡದ್ದು 1990ರಲ್ಲಿ, ನೀಲಗಿರಿಯ ಗೂಡಲೂರಿನ ಕಡೆ. ಕೊಯ್ಲು ಮುಗಿದ ಮೇಲೆ ಗಿಡದಲ್ಲುಳಿದ, ನೆಲಕ್ಕೆ ಬಿದ್ದ ಹಣ್ಣುಗಳೇ ಮುಂದಿನ ಹಂಗಾಮಿನವರೆಗೆ ಅದಕ್ಕೆ ಮನೆ. ಆ ಉಳಿಕೆಯನ್ನು ಹೆಕ್ಕಿ ತೆಗೆದರೆ ಅದರ ಜೀವನಚಕ್ರವೇ ಮುರಿಯುತ್ತದೆ.

ಹೂವಿನ ಋಣ

ಅರೇಬಿಕಾ ತನ್ನ ಪರಾಗದಿಂದಲೇ ಕಾಯಿ ಕಟ್ಟಬಲ್ಲುದು. ರೊಬಸ್ಟಾಕ್ಕೆ ಅದು ಸಾಧ್ಯವಿಲ್ಲ. ಬೇರೆ ಗಿಡದ ಪರಾಗ ಬೇಕು. ಅದನ್ನು ತರುವುದು ಗಾಳಿ ಮತ್ತು ಜೇನು. ಮಾರ್ಚ್, ಏಪ್ರಿಲ್‌ನ ಹೂಮಳೆ ಬಿದ್ದ ಕೆಲವು ದಿನಗಳಲ್ಲಿ ಹೂ ಬಿರಿಯುತ್ತದೆ. ಕೆಲಸಕ್ಕೆ ಇರುವುದು ಒಂದೆರಡು ದಿನ ಮಾತ್ರ. ಕೊಡಗಿನ ತೋಟಗಳಲ್ಲಿ ನಡೆದ ಅಧ್ಯಯನಗಳಲ್ಲಿ ಈ ಕೆಲಸದಲ್ಲಿ ಹೆಜ್ಜೇನಿನ ಪಾತ್ರ ದೊಡ್ಡದೆಂದು ಕಂಡುಬಂದಿದೆ. ಹೆಜ್ಜೇನಿಗೆ ಗೂಡು ಕಟ್ಟಲು ಎತ್ತರದ ಮರ ಬೇಕು, ವರ್ಷದ ಉಳಿದ ತಿಂಗಳುಗಳಲ್ಲಿ ಬೇರೆ ಹೂವು ಬೇಕು. ಹೊಂಗೆ, ನೇರಳೆ, ಮತ್ತಿ ಮರಗಳನ್ನು ಉಳಿಸಿದವನು ಜೇನಿಗೆ ವರ್ಷಪೂರ್ತಿ ಊಟ ಹಾಕಿದಂತೆ. 1991–92ರಲ್ಲಿ ತುಡುವೆ ಜೇನಿಗೆ ರೋಗ ಬಂದು ದಕ್ಷಿಣ ಭಾರತದಲ್ಲೆಲ್ಲ ಪೆಟ್ಟಿಗೆಗಳು ಬರಿದಾದುದನ್ನು ಹಿರಿಯರು ಮರೆತಿರಲಾರರು. ಹೂ ಬಿರಿದಿರುವಾಗ ಕೀಟನಾಶಕ ಹೊಡೆದು ಅಂಥ ನಷ್ಟವನ್ನು ನಾವೇ ತಂದುಕೊಳ್ಳಬಾರದು.

ಒಂದನ್ನೇ ನಂಬಿದರೆ

ಸಿಂಹಳದಲ್ಲಿ ಬೆಟ್ಟ ಬೆಟ್ಟಗಳನ್ನು ಬೋಳಿಸಿ ಕಾಫಿಯೊಂದನ್ನೇ ನೆಟ್ಟಿದ್ದರು. 1869ರಲ್ಲಿ ಎಲೆತುಕ್ಕು ರೋಗ ಅಲ್ಲಿ ಗುರುತಿಗೆ ಬಂತು. ಗಿಡದಿಂದ ಗಿಡಕ್ಕೆ ತಡೆಯಿಲ್ಲದೆ ಹರಡಿ, ಇಪ್ಪತ್ತು ವರ್ಷಗಳೊಳಗೆ ಕಾಫಿ ಉದ್ಯಮವನ್ನೇ ನೆಲಕಚ್ಚಿಸಿತು. ಆ ದ್ವೀಪ ಚಹಾದ ನಾಡಾಯಿತು. ಒಂದೇ ಜಾತಿ ಒತ್ತಾಗಿ ನಿಂತಲ್ಲಿ ಅದರ ಶತ್ರುವಿಗೆ ಹಬ್ಬ. ಇಂದು ನಮ್ಮ ಬಯಲಿನಲ್ಲಿ ಬರೀ ಅಡಿಕೆಯ ಸಾಲುಗಳು ಹೊಲದಿಂದ ಹೊಲಕ್ಕೆ ಕೂಡಿಕೊಳ್ಳುತ್ತಿರುವುದನ್ನು ಕಂಡಾಗ ಈ ಕಥೆ ನೆನಪಿಗೆ ಬರುತ್ತದೆ. ಅಡಿಕೆಯೊಡನೆ ಕಾಫಿ, ಮೆಣಸು, ಅಂಚಿನಲ್ಲಿ ಹತ್ತು ಬಗೆಯ ಮರಗಳಿದ್ದರೆ ರೋಗಕ್ಕೂ ತಡೆ, ಬೆಲೆ ಕುಸಿದಾಗ ಮನೆಗೂ ಆಧಾರ.

ನೀರಿನ ವಿಷಯವೂ ಹಾಗೆಯೇ. ಲಕ್ಷ್ಮಣತೀರ್ಥ ಹುಟ್ಟುವುದು ಕೊಡಗಿನ ಬ್ರಹ್ಮಗಿರಿಯಲ್ಲಿ, ಕಬಿನಿಯ ನೀರು ಬರುವುದು ವಯನಾಡಿನ ಬೆಟ್ಟಗಳಿಂದ. ಅಲ್ಲಿನ ಕಾಡು ಮಳೆಯನ್ನು ಇಂಗಿಸಿ ನಿಧಾನವಾಗಿ ಬಿಟ್ಟರೆ ನಮ್ಮ ಹೊಳೆಯಲ್ಲಿ ಬೇಸಿಗೆಗೂ ನೀರು. ಅಡಿಕೆ ಬೇಸಿಗೆಯಲ್ಲಿಯೇ ನೀರು ಕೇಳುವ ಬೆಳೆ. ಎಲ್ಲರ ಕೊಳವೆಬಾವಿಯೂ ಒಂದೇ ಅಂತರ್ಜಲಕ್ಕೆ ಇಳಿದಿದೆ ಎಂಬುದನ್ನು ಮರೆಯದೆ, ತುಂತುರುಹನಿ, ಬುಡಕ್ಕೆ ಹೊದಿಕೆ, ಮಳೆಗಾಲದಲ್ಲಿ ಇಂಗುಗುಂಡಿ ಇಷ್ಟನ್ನಾದರೂ ಮಾಡತಕ್ಕದ್ದು.

ಎಚ್.ಡಿ. ಕೋಟೆ, ಹುಣಸೂರಿನ ಕಾಡಂಚಿನವರಿಗೆ ಒಂದು ಮಾತು. ಬಾಳೆ, ಮಾಗಿದ ಹಲಸು ಆನೆಗೆ ಕಳುಹಿಸಿದ ಕರೆಯೋಲೆ. ಕಾಡಿನ ಮಗ್ಗುಲಿಗೆ ಬಾಳೆ ಹಾಕದಿರುವುದು, ಹಲಸನ್ನು ಮಾಗುವ ಮೊದಲೇ ಇಳಿಸುವುದು ಜೀವಕ್ಕೂ ಬೆಳೆಗೂ ಕ್ಷೇಮ.

ಈ ತಿಂಗಳ ಅಭ್ಯಾಸ

1. ತೋಟದ ದಕ್ಷಿಣ, ಪಶ್ಚಿಮ ಅಂಚಿನಲ್ಲಿ ಎಷ್ಟು ಮರಗಳಿವೆ, ಎಷ್ಟು ಜಾತಿಯವು ಎಂದು ಎಣಿಸಿರಿ.

2. ನಾಲ್ಕು ಕಡೆ ತರಗು ಸರಿಸಿ ಒಂದು ಗೇಣು ಅಗೆದು ನೋಡಿರಿ. ಎರೆಹುಳು ಎಷ್ಟು ಕಂಡಿತು?

3. ತಿಗಣೆ ಹತ್ತಿದ ಒಂದು ಗಿಡವನ್ನು ಬೆಳಿಗ್ಗೆ ಕಾಲುಗಂಟೆ ನೋಡಿರಿ. ಇರುವೆ ಯಾವ ಗೂಡಿನಿಂದ ಬರುತ್ತದೆ? ಗುಲಗಂಜಿ ಹುಳು ಇದೆಯೇ?

4. ಮಳೆ ಬಂದು ಹೋದ ಮರುದಿನ ಅಡಿಕೆ ಬುಡದಲ್ಲಿ ನೀರು ನಿಂತಿದೆಯೇ, ಬಸಿದಿದೆಯೇ?

5. ನಿಮ್ಮ ತೋಟಕ್ಕೆ ಮಿತಿ ಹಾಕುತ್ತಿರುವ ಅಂಶ ಯಾವುದು? ಒಂದೇ ಮಾತಿನಲ್ಲಿ ಬರೆದಿಡಿರಿ.

ಈ ಐದಕ್ಕೂ ಉತ್ತರ ಬರೆದುಕೊಂಡ ಮೇಲೆ ಗೊಬ್ಬರ, ಔಷಧಿಯ ಪಟ್ಟಿ ಮಾಡಿರಿ. ಪಟ್ಟಿಯಲ್ಲಿ ಒಂದೆರಡು ಸಾಲು ತಾನಾಗಿಯೇ ಹೊಡೆದುಹೋದರೆ ಈ ಪಾಠ ಸಾರ್ಥಕ. ಬದುವಿನ ಮರಕ್ಕೆ ಕೊಡಲಿ ಎತ್ತುವ ಮುನ್ನವಂತೂ ಅದು ಮಾಡುತ್ತಿರುವ ಕೆಲಸವೇನು, ಅದು ಹೋದ ಮೇಲೆ ಆ ಕೆಲಸ ಮಾಡುವವರು ಯಾರು ಎಂದು ಒಮ್ಮೆ ಕೇಳಿಕೊಳ್ಳಿರಿ. ನಾನು ಆ ದಿನ ಕೇಳಿಕೊಳ್ಳಲಿಲ್ಲ.