ದೃಷ್ಟಿಹೀನರ ಕೈಗೆ ಲ್ಯಾಬ್ ವರದಿ

ಸಕ್ಕರೆ ಕಾಯಿಲೆ ಬಹುಕಾಲ ಹತೋಟಿ ತಪ್ಪಿದರೆ ಅಕ್ಷಿಪಟಲ ಕೆಟ್ಟು ದೃಷ್ಟಿಯೇ ಹೋಗಬಹುದು. ದೃಷ್ಟಿ ಹೋದ ಮೇಲೂ ರಕ್ತಪರೀಕ್ಷೆ ತಪ್ಪದು. ಈಗ ಅನೇಕ ಲ್ಯಾಬ್‌ಗಳ ವರದಿ ವೆಬ್ ಪುಟದಲ್ಲೇ ಬರುತ್ತದೆ. ಇಂಥವರಿಗೆ ಅದನ್ನು ಓದಿ ಹೇಳುವುದು ಸ್ಕ್ರೀನ್ ರೀಡರ್ ಎಂಬ ತಂತ್ರಾಂಶ.

ಅಕ್ಷರ ದಪ್ಪಗಿದ್ದ ಮಾತ್ರಕ್ಕೆ ಅದು ಶೀರ್ಷಿಕೆಯೆಂದು ಈ ತಂತ್ರಾಂಶಕ್ಕೆ ತಿಳಿಯದು. ಪುಟದ ಕೋಡ್‌ನಲ್ಲಿ ಹಾಗೆಂದು ಗುರುತು ಮಾಡಿರಬೇಕು. ವರ್ಲ್ಡ್ ವೈಡ್ ವೆಬ್ ಕನ್ಸೋರ್ಷಿಯಂ 2008ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯ 1.3.1ನೇ ಅಂಶ ಹೇಳುವುದು ಇದನ್ನೇ: ಕಣ್ಣಿಗೆ ಕಾಣುವ ಸಂಬಂಧ ಯಂತ್ರಕ್ಕೂ ತಿಳಿಯಬೇಕು, ಇಲ್ಲವೇ ಮಾತಿನಲ್ಲಿ ಬರೆದಿರಬೇಕು. 2023ರ ಪರಿಷ್ಕರಣೆಯಲ್ಲೂ ಈ ಅಂಶ ಹಾಗೆಯೇ ಉಳಿದಿದೆ.

ಒಂದು ಉದಾಹರಣೆ ನೋಡಿ. ವರದಿಯ ಕೋಷ್ಟಕದಲ್ಲಿ ‘ಬರಿಹೊಟ್ಟೆ’, ‘ಊಟದ ನಂತರ’ ಎಂಬ ಎರಡು ಕಾಲಂಗಳಿವೆ. ತಲೆಬರಹ ಸರಿಯಾಗಿ ಗುರುತಾಗಿದ್ದರೆ ‘ಊಟದ ನಂತರ, 150’ ಎಂದು ಕೇಳಿಸುತ್ತದೆ. ಇಲ್ಲದಿದ್ದರೆ ಬರೀ ‘150’. ಸಕ್ಕರೆ ಕಾಯಿಲೆಯವರಲ್ಲಿ ಊಟವಾಗಿ ಎರಡು ಗಂಟೆಗೆ 150 ಮಿಲಿಗ್ರಾಂ ಇದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ. ಬರಿಹೊಟ್ಟೆಯಲ್ಲಿ ಅಷ್ಟೇ ಇದ್ದರೆ ಅದು ಹೆಚ್ಚು. ತಪ್ಪು ತಿಳಿದು ಗುಳಿಗೆ ಏರಿಸಿದರೆ ಸಕ್ಕರೆ ಪಾತಾಳಕ್ಕಿಳಿದು ಪ್ರಜ್ಞೆ ತಪ್ಪೀತು.

ಮಾರ್ಗಸೂಚಿಯನ್ನು ಅರ್ಥೈಸುವಲ್ಲಿ ಎರಡು ಬಗೆಯ ಎಡವಟ್ಟು ಆಗುತ್ತದೆ. ಎರಡನೇ ಹಂತದ ಶೀರ್ಷಿಕೆಯಿಂದ ನೇರ ನಾಲ್ಕಕ್ಕೆ ಹಾರಿದೆಯೆಂದು ಪುಟವನ್ನೇ ಫೇಲು ಮಾಡುವವರಿದ್ದಾರೆ. ಕ್ರಮ ಪಾಲಿಸುವುದು ಒಳ್ಳೆಯದೇ, ಆದರೆ ಹಂತ ಬಿಟ್ಟಿದ್ದಷ್ಟೇ ಉಲ್ಲಂಘನೆಯಲ್ಲ. ಇನ್ನೊಂದು ಕಡೆ, ಶೀರ್ಷಿಕೆ ಎಂದು ಗುರುತಿಸದೆ ಅಕ್ಷರವನ್ನಷ್ಟೇ ದಪ್ಪ ಮಾಡಿದ ಪುಟಕ್ಕೆ ಸ್ವಯಂಚಾಲಿತ ಪರೀಕ್ಷಕ ‘ದೋಷವಿಲ್ಲ’ ಎಂದುಬಿಡಬಹುದು. ವರದಿ ನೋಡಿ ರೋಗಿಯ ಮುಖ ನೋಡದ ವೈದ್ಯರಿಲ್ಲವೇ, ಹಾಗೆ!

ನೀವೇ ಪರೀಕ್ಷಿಸಬಹುದು. ವಿಂಡೋಸ್ ಕಂಪ್ಯೂಟರಿಗೆ ಎನ್‌ವಿಡಿಎ ಉಚಿತವಾಗಿ ಸಿಗುತ್ತದೆ. ಕಣ್ಣು ಮುಚ್ಚಿ ‘ಎಚ್’ ಕೀಲಿ ಒತ್ತಿ. ಶೀರ್ಷಿಕೆಯಿಂದ ಶೀರ್ಷಿಕೆಗೆ ಹೋಗಬೇಕು. ‘ಟಿ’ ಒತ್ತಿದರೆ ಕೋಷ್ಟಕ. ಅಲ್ಲಿ ಕಂಟ್ರೋಲ್, ಆಲ್ಟ್ ಜೊತೆ ಬಾಣದ ಕೀಲಿ ಒತ್ತಿ ಮನೆಯಿಂದ ಮನೆಗೆ ಸರಿಯಿರಿ. ಸಂಖ್ಯೆಯೊಡನೆ ಕಾಲಂನ ಹೆಸರೂ ಕೇಳಿಸಬೇಕು. ವರದಿ ಬರೀ ಸ್ಕ್ಯಾನ್ ಮಾಡಿದ ಚಿತ್ರವಾಗಿದ್ದರಂತೂ ಓದಲು ಪಠ್ಯವೇ ಇರುವುದಿಲ್ಲ.

ಕೇಳಿಸದಿದ್ದರೆ ಲ್ಯಾಬ್‌ನವರಿಗೆ ಬರೆದು ತಿಳಿಸಿ. ಸರಿಹೋಗುವ ತನಕ ಪರೀಕ್ಷೆಯ ಹೆಸರು, ರಕ್ತ ಕೊಟ್ಟ ಹೊತ್ತು, ಅಂಕಿ ಮೂರನ್ನೂ ಫೋನಿನಲ್ಲಿ ಕೇಳಿಕೊಳ್ಳಿ. ವೈದ್ಯರನ್ನು ಕೇಳದೆ ಗುಳಿಗೆಯ ಪ್ರಮಾಣ ಬದಲಿಸಬೇಡಿ.